ಪಾಯಿಂಟ್ 375 ಎಚ್ ಅಂಡ್ ಎಚ್ ಮ್ಯಾಗ್ನಂ ತೋಟಾ: ವರ್ಷಗಟ್ಲೆ ಹೊಡೆದ ಮ್ಯಾಲ ನನ್ನ ಅಭಿಪ್ರಾಯ

ದೊಡ್ಡ ಪ್ರಾಣಿ ಶಿಕಾರಿಗಿ ಒಂದೇ ಒಂದು ತೋಟಾ ಆರಿಸ್ಕೋ ಅಂತ ಯಾರರ ಕೇಳಿದ್ರ ನಾ ಪಾಯಿಂಟ್ 375 ಎಚ್ ಅಂಡ್ ಎಚ್ ಮ್ಯಾಗ್ನಂ ಅಂತೀನಿ, ಎರಡನೇ ಮಾತೇ ಇಲ್ಲ. ಇದಕ್ಕಿಂತ ಜೋರಿನವು ಬೇಕಾದಷ್ಟು ಅವ. ಆದ್ರ ಹುಟ್ಟಾ ಶಿಕಾರಿ ಅಲ್ಲದ ಸಾದಾ ಮನುಷ್ಯಾ ಹೆದರ್ಕೊಳ್ದೇ ಟ್ರಿಗರ್ ಒತ್ತಿ, ಗುಂಡು ಎಲ್ಲಿ ಬೀಳ್ಬೇಕೋ ಅಲ್ಲೇ ಬೀಳ್ಸಬಲ್ಲ ದೊಡ್ಡ ತೋಟಾ ಅಂದ್ರ ನನ್ನ ಲೆಕ್ಕದಾಗ ಇದೇ ಕಡೀದು, ಇದರ ಮ್ಯಾಲ ಹೋದಂಗ ಭುಜ ಹೆದರ್ತದ, ಭುಜ ಹೆದರಿತು ಅಂದ್ರ ಕೈ ಅಳುಕ್ತದ, ಕೈ ಅಳುಕಿತು ಅಂದ್ರ ಪ್ರಾಣಿ ಗಾಯ ಆಗಿ ಅಡವಿ ಸೇರ್ತದ.

ನಾ ಸೇಡಂ ಕಡಿಯವ, ಸಿಮೆಂಟ್ ಲೈನಿನ ಮನುಷ್ಯಾ. ನಂಬಲ್ಲಿ ವಾಡಿ, ಸೇಡಂ, ಮಳಖೇಡ ಫ್ಯಾಕ್ಟರಿಗಳಾಗ ಕಲ್ತ ಹುಡುಗ್ರು ಆಫ್ರಿಕಾಕ್ಕ ಹೋಗೋದು ಹೊಸಾದಲ್ಲ, ನಾನೂ ಹಂಗೇ ನಮೀಬಿಯಾದ ಉತ್ತರ ಭಾಗಕ್ಕ ಕಿಲ್ನ್ (ಸಿಮೆಂಟ್ ಸುಡೋ ಭಟ್ಟಿ) ಮೇಂಟೆನೆನ್ಸ್ ಕೆಲಸಕ್ಕ ಹೋಗಿ ಭಾಳ ವರ್ಷ ಇದ್ದು ಬಂದೀನಿ. ಅಲ್ಲಿ ಶಿಕಾರಿ ಕಳ್ಳತನ ಅಲ್ಲ. ಶಿಕಾರಿ ಪ್ರಾಣಿ ಇಟ್ಕೊಂಡ ದೊಡ್ಡ ದೊಡ್ಡ ಗೇಮ್ ಫಾರ್ಮ್ ಅವ, ಸರ್ಕಾರದ ಪರ್ಮಿಟ್ ಬೇಕು, ನನ್ನಂಥ ಹೊರಗಿನವ ಹೊಡೀಬೇಕಂದ್ರ ರಿಜಿಸ್ಟರ್ ಆಗಿರೋ ಗೈಡ್ ಬಾಜೂಕ ಇರ್ಲೇಬೇಕು, ರಾತ್ರಿ ಹೊಡಿಯಂಗಿಲ್ಲ. ಮಾಂಸ ಒಂದು ತುಣುಕೂ ಹಾಳಾಗಂಗಿಲ್ಲ, ಫಾರ್ಮಿನ ಕೆಲಸದವರ ಮನಿಗಿ ಹೋಗ್ತದ, ಉಳಿದದ್ದು ಉಪ್ಪು ಮಸಾಲಿ ಹಚ್ಚಿ ಒಣಗಿಸಿ ಬಿಲ್ಟಾಂಗ್ ಮಾಡ್ತಾರ. ರೈಫಲ್ ನಂದಲ್ಲ, ಫಾರ್ಮ್ ಮಾಲಕಂದು, ಮೌಸರ್ ನಮೂನಿ ಬೋಲ್ಟ್ ಆಕ್ಷನ್, ಅಂದ್ರ ಕೈಲೇ ಹಿಡಿಕಿ ಹಿಂದಕ ಮುಂದಕ ಎಳೆದು ತೋಟಾ ಏರಿಸೋ ಹಳೇ ಬಂದೂಕ. ಇದ್ದಷ್ಟು ವರ್ಷ ಅದೇ ರೈಫಲ್, ಅದೇ ಸ್ಕೋಪ್ (ಗುರಿ ಹಿಡಿಯೋ ದುರ್ಬೀನು), ಅದಕ್ಕೇ ಈ ತೋಟಾದ ಗುಣ ಅವಗುಣ ಎರಡೂ ಗೊತ್ತಾದ್ವು.

ಅಲ್ಲಿ ಕಾಯ್ದಾ ಹ್ಯಾಂಗ ಅದ ಅಂದ್ರ ಗುಂಡಿನ ಶಕ್ತಿ ಮ್ಯಾಲ ಲೆಕ್ಕ. ಸ್ಪ್ರಿಂಗ್‌ಬಕ್ ಅಂಥ ಸಣ್ಣ ಚಿಗರಿಗಿ ಕಮ್ಮೀತ ಕಮ್ಮಿ 1350 ಜೌಲ್, ಕುಡು ಓರಿಕ್ಸ್ ಎಲಾಂಡ್ ಅಂಥ ದೊಡ್ಡ ಚಿಗರಿಗೋಳಿಗಿ 2700, ಕಾಡುಕೋಣ (ಆಫ್ರಿಕಾದ ಬಫಲೋ) ಆನಿ ಅಂಥವಕ್ಕ 5400 ಜೌಲ್ ಇರ್ಬೇಕು. ಪಾಯಿಂಟ್ 30-06 ಅಂತ ಎಲ್ಲಾರ ಕಡಿ ಇರೋ ತೋಟಾ 4000 ಜೌಲ್ ಹತ್ರಾನೇ ನಿಲ್ತದ, ಈ 375 ಮಾತ್ರ 300 ಗ್ರೇನ್ ಗುಂಡನ್ನ ಸೆಕೆಂಡಿಗಿ ಸುಮಾರು 770 ಮೀಟರ್ ವೇಗದಾಗ ಒಗೀತದ, ಅಂದ್ರ 5700 ಜೌಲ್ ಮ್ಯಾಲೇ ಬರ್ತದ. 300 ಗ್ರೇನ್ ಅಂದ್ರ 19 ಗ್ರಾಂ ಚಿಲ್ಲರ, ಗುಂಡಿನ ದಪ್ಪ ಒಂಬತ್ತೂವರಿ ಮಿಲಿಮೀಟರ್. ಹಿಂಗಾಗಿ ಒಂದೇ ರೈಫಲ್ ಹಿಡ್ಕೊಂಡು ಸಣ್ಣದರಿಂದ ದೊಡ್ಡದರ ತನಕ ಕಾಯ್ದೆ ಪ್ರಕಾರಾನೇ ಹೊಡೀಬಹುದು, ಆಫ್ರಿಕಾದ ಇನ್ನೂ ಭಾಳ ದೇಶದಾಗ ಅಪಾಯದ ಪ್ರಾಣಿಗಿ ಕಮ್ಮೀತ ಕಮ್ಮಿ 375 ಇರ್ಬೇಕು ಅಂತನೇ ಕಾಯ್ದಾ ಅದ.

ಈ ತೋಟಾ ಹುಟ್ಟಿದ್ದು 1912ರಾಗ, ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್ ಬಂದೂಕ ಕಂಪನಿಯವರು ಮಾಡಿದ್ದು. ನೂರು ವರ್ಷದ ಮ್ಯಾಲಾಯ್ತು, ಇನ್ನೂ ಹೊಸ ರೈಫಲ್ ಇದರ ಸಲುವಾಗಿ ತಯಾರಾಗ್ತಾವ ಅಂದ್ರ ಸುಮ್ನೆ ಅಲ್ಲ. ಅವಾಗ ಮದ್ದು ಅಂದ್ರ ಕಾರ್ಡೈಟ್, ಉದ್ದ ಉದ್ದ ಶಾವಿಗಿ ಎಳಿ ಹಂಗಿರ್ತಿತ್ತು, ಅದನ್ನ ತುಂಬಾಕ ಉದ್ದನ್ನ ಕೇಸ್ ಬೇಕಿತ್ತು, ಅದಕ್ಕೇ ಈ ತೋಟಾದ ಹಿತ್ತಾಳಿ ಕೇಸ್ ಬುಡದಾಗ ದಪ್ಪ ಇದ್ದು ಮ್ಯಾಲ ಹೋದಂಗ ಸಣ್ಣ ಆಗ್ತದ, ಕೇಸಿನ ಕುತ್ತಿಗಿ ಕೆಳಗ ಭುಜ ಅನ್ನೋ ಭಾಗ ಇದ್ದೂ ಇಲ್ದಂಗ ಅದ. ಇದರ ಫಾಯ್ದಾ ಬಿಸಿಲನಾಡಾಗ ಗೊತ್ತಾಗ್ತದ. ಬಿಸಿಲಿಗಿ ಮದ್ದಿನ ಒತ್ತಡ ಏರ್ತದ, ಒತ್ತಡ ಏರಿದ್ರ ಖಾಲಿ ಕೇಸ್ ಚೇಂಬರಿನಾಗ (ನಳಿಗಿ ಹಿಂದ ತೋಟಾ ಕೂಡ್ರೋ ಜಾಗ) ಸಿಗಬಿದ್ದು ಹೊರಗ ಬರಂಗಿಲ್ಲ, ಎರಡನೇ ತೋಟಾ ಒಳಗ ಹೋಗಂಗಿಲ್ಲ, ಎದುರಿಗಿ ಗಾಯ ಆದ ಕಾಡುಕೋಣ ಇದ್ರ ಮುಂದ ಏನಾಗ್ತದ ನೀವೇ ವಿಚಾರ ಮಾಡ್ರಿ. ಈ ಕೇಸ್ ಇಳಿಜಾರ ಇರೋದ್ರಿಂದ ಸ್ವಲ್ಪ ಸಡಿಲಾದ್ರ ಸಾಕು, ಸರಕ್ಕನೆ ಬರ್ತದ. ನಂಬಲ್ಲಿ ಮೇ ತಿಂಗಳ ಬಿಸಿಲು ಹ್ಯಾಂಗಿರ್ತದೋ ಅಲ್ಲೂ ಮಳಿ ಮುಂಚೆ ಅಕ್ಟೋಬರ್ ನವೆಂಬರಿನಾಗ ಹಂಗೇ ಸುಡ್ತದ, ಜೀಪಿನ ಬಾನೆಟ್ ಮುಟ್ಟಾಕ ಆಗಂಗಿಲ್ಲ, ಅಂಥದ್ರಾಗೂ ಒಮ್ಮೇನೂ ಕೇಸ್ ಸಿಗಬಿದ್ದದ್ದು ನಾ ನೋಡಿಲ್ಲ. ಬುಡದಾಗ ಉಂಗುರದಂಗ ಒಂದು ಪಟ್ಟಿ ಕಾಣ್ತದ ನೋಡ್ರಿ, ಅದು ಚಂದಕ್ಕ ಅಲ್ಲ, ಕೇಸಿನ ಭುಜ ಇದ್ದೂ ಇಲ್ದಂಗ ಇರೋದ್ರಿಂದ ತೋಟಾ ಚೇಂಬರಿನಾಗ ಎಷ್ಟು ಒಳಗ ಹೋಗಿ ನಿಲ್ಬೇಕು ಅನ್ನೋದನ್ನ ಆ ಪಟ್ಟಿನೇ ತಡೀತದ. ಮುಂದ ಬಂದ 458 ವಿಂಚೆಸ್ಟರ್ ಮ್ಯಾಗ್ನಂ, 300 ವಿಂಚೆಸ್ಟರ್ ಮ್ಯಾಗ್ನಂ ಎಲ್ಲಾ ಇದೇ ಪಟ್ಟಿ ಇಟ್ಕೊಂಡೇ ಬಂದ್ವು.

ಈಗ ಒದೆ ವಿಷಯ. ಎಲ್ಲಾರೂ ಮೊದ್ಲು ಇದೇ ಕೇಳ್ತಾರ. ನಾಕು ಕೆಜಿ ಚಿಲ್ಲರ ತೂಕದ ರೈಫಲ್ ಇದ್ರ 30-06ಕ್ಕಿಂತ ಹತ್ರಹತ್ರ ಎರಡು ಪಟ್ಟು ಒದೀತದ. ಆದ್ರ ಚಟ್ಟನೆ ಬಡಿಯೋ ಒದೆ ಅಲ್ಲ, ಯಾರೋ ಭುಜ ಹಿಡಿದು ಜೋರಾಗಿ ಹಿಂದಕ ನೂಕಿದಂಗ ಆಗ್ತದ, ನಿಂತು ಹೊಡಿಯೋವಾಗ ಮೈ ಹಿಂದಕ ಹೋಗಿ ಅದನ್ನ ತಿಂದು ಬಿಡ್ತದ. ಕುಂತು ಟೇಬಲ್ ಮ್ಯಾಲ ಇಟ್ಟು ಮಾತ್ರ ಭಾಳ ಹೊತ್ತು ಹೊಡೀಬ್ಯಾಡ್ರಿ, ಮೈ ಹಿಂದಕ ಹೋಗಾಕ ಜಾಗ ಇರಂಗಿಲ್ಲ, ಎಲ್ಲಾ ಭುಜಾನೇ ತಿಂತದ. ಸ್ಕೋಪ್ ಕಣ್ಣಿಗಿ ಹತ್ರ ಇದ್ರ ಹುಬ್ಬಿನ ಮ್ಯಾಲ ಅರ್ಧಚಂದ್ರ ಗಾಯ ಆಗ್ತದ, ಕಣ್ಣಿಂದ ನಾಕು ಬೆರಳಿಗಿಂತ ಜಾಸ್ತಿ ದೂರ ಇಟ್ಕೋರಿ, ಪವರ್ ಕಮ್ಮಿ ಇರೋ ಸ್ಕೋಪೇ ಸಾಕು. ಕಿವಿಗಿ ಮಫ್ ಹಾಕ್ದೇ ಹೊಡಿಯೋದು ಗಂಡಸ್ತನ ಅಲ್ಲ, ಒಂದು ಸರ್ತಿ ಹೋದ ಕಿವಿ ವಾಪಸ್ ಬರಂಗಿಲ್ಲ.

458, 416 ರಿಗ್ಬಿ ಅಂತ ಇದಕ್ಕಿಂತ ಜೋರಿನ ತೋಟಾ ಹೊಡಿಯೋರನ್ನೂ ಅಲ್ಲೇ ಹತ್ರದಿಂದ ನೋಡೀನಿ. ತೋಟಾದ ತಪ್ಪಿಲ್ಲ, ಕಾಡುಕೋಣ ಮೈಮ್ಯಾಲ ಬಂದಾಗ ನಿಲ್ಸಾಕ ಗೈಡ್‌ಗಳ ಕೈಯಾಗ ಅವೇ ಇರ್ಬೇಕು. ಆದ್ರ ಹೊಸಬರು ಅವನ್ನ ತಂದು ಟ್ರಿಗರ್ ಒತ್ತೋ ಮುಂಚೇನೇ ಕಣ್ಣು ಮುಚ್ತಾರ, ನಳಿಗಿ ಕೆಳಗ ಇಳೀತದ, ಗುಂಡು ಹೊಟ್ಟಿಗಿ ಬೀಳ್ತದ. ಹೊಟ್ಟಿಗಿ ಬಿದ್ದ 458ಕ್ಕಿಂತ ಪುಪ್ಪಸಕ್ಕ ಬಿದ್ದ 375 ಸಾವಿರ ಪಾಲು ಮೇಲು.

ದೂರ ಎಷ್ಟು ಅಂದ್ರ, 100 ಮೀಟರಿಗಿ ಝೀರೋ ಮಾಡಿದ್ರ, ಅಂದ್ರ ಅಷ್ಟು ದೂರಕ್ಕ ಗುರಿ ಸರಿಯಾಗಿ ಕೂಡ್ರಿಸಿದ್ರ, 200 ಮೀಟರಿನಾಗ ಒಂದು ಗೇಣಿನಷ್ಟು ಕೆಳಗ ಬೀಳ್ತದ. ನಾ 150 ದಾಟಿ ಹೊಡಿಯಾಕ ಹೋಗ್ತಿರ್ಲಿಲ್ಲ, ಮುಳ್ಳಕಂಟಿ ಅಡವಿಯಾಗ ಅಷ್ಟು ದೂರ ಕಾಣೋದೂ ಕಮ್ಮಿ. ಮೂರು ಕಾಲಿನ ಕೋಲು ನಿಲ್ಸಿ ಅದರ ಮ್ಯಾಲ ರೈಫಲ್ ಇಟ್ಟು ನಿಂತೇ ಹೊಡಿಯೋದು ಅಲ್ಲಿ ರೂಢಿ.

ಎಲಾಂಡ್ ಗಂಡು ನೋಡಿದ್ರ ನಮ್ಮ ದೇವಣಿ ಹೋರಿನೇ ನೆಪ್ಪಾಗ್ತದ, ಅಷ್ಟೇ ದೊಡ್ಡ ಗಂಗೆದೊಗಲು ಜೋತು ಬಿದ್ದಿರ್ತದ, ತೂಕ ಮಾತ್ರ 700 ಕೆಜಿಯಿಂದ 900 ತನಕ. ಅದು ನಡೆಯೋವಾಗ ಮುಂಗಾಲಿಂದ ಟಿಕ್ ಟಿಕ್ ಅಂತ ಸಪ್ಪಳ ಬರ್ತದ, ಕಂಟಿ ಆಚೆ ಪ್ರಾಣಿ ಕಾಣದಿದ್ರೂ ಆ ಸಪ್ಪಳ ಕೇಳಿ ಗೈಡ್ ಕೈ ಎತ್ತಿ ನಿಲ್ಸೋನು, ಉಸಿರು ಬಿಗಿ ಹಿಡಿದು ನಿಂತಲ್ಲೇ ನಿಲ್ತಿದ್ವಿ. ಅಂಥ ಮೈಯಾಗ 300 ಗ್ರೇನ್ ಒಳ್ಳೆ ಗುಂಡು ಈ ಕಡಿ ಭುಜದ ಹಿಂದ ಹೊಕ್ಕು ಆ ಕಡಿ ಚರ್ಮದ ಕೆಳಗ ಬಂದು ನಿಲ್ತಿತ್ತು, ಪ್ರಾಣಿ ನೂರು ಹೆಜ್ಜಿ ಒಳಗೇ ಬೀಳ್ತಿತ್ತು.

ಒಳ್ಳೆ ಗುಂಡು ಅಂತ ಒತ್ತಿ ಹೇಳ್ತೀನಿ, ಯಾಕಂದ್ರ ಒಂದು ವರ್ಷ ಮಾಲಕ ಕಮ್ಮಿ ರೇಟಿನ ಸಾಫ್ಟ್ ಪಾಯಿಂಟ್ (ಮೂತಿಗಿ ಮೆತ್ತನ್ನ ಸೀಸ ಇರೋ ಗುಂಡಿನ) ತೋಟಾ ತಂದಿದ್ದ, ಯಾವ ಕಂಪನಿ ಅಂತ ಇಲ್ಲಿ ಬ್ಯಾಡ. ಓರಿಕ್ಸ್ ಓರೆ ನಿಂತಿತ್ತು, ಅದರ ಹೃದಯ ಭಾಳ ಕೆಳಗ, ಮುಂದ ಭುಜದ ಎಲುಬಿನ ಮರೆಗೇ ಇರ್ತದ, ಮುಂಗಾಲಿನ ಗೆರೆ ಹಿಡಿದು ಕೆಳಗಿಂದ ಮೂರ್ನೇ ಒಂದು ಪಾಲು ಎತ್ತರಕ್ಕ ಹೊಡೀಬೇಕು, ಅಲ್ಲೇ ಬಿತ್ತು. ಆದ್ರೂ ಓಡಿತು. ಅಲ್ಲಿನ ಮೂಲ ನಿವಾಸಿ ಸಾನ್ ಜನಾಂಗದ ಟ್ರ್ಯಾಕರ್ (ಹೆಜ್ಜಿ ಹಿಡಿಯೋನು) ಒಬ್ಬ ಇದ್ದ, ವಯಸ್ಸಾದವ, ನೆಲದ ಮ್ಯಾಲ ಬಗ್ಗಿ ಹುಲ್ಲಿನ ಎಸಳಿಗಿ ಹತ್ತಿದ ರಕ್ತ ಬೆರಳಾಗ ತಿಕ್ಕಿ ನೋಡ್ದ. ನೊರಿ ಇದ್ದು ಗುಲಾಬಿ ಬಣ್ಣ ಇದ್ರ ಪುಪ್ಪಸ, ಹತ್ರಾನೇ ಬಿದ್ದಿರ್ತದ, ಹಸಿರು ಕಲಸಿದ್ರ ಹೊಟ್ಟಿ. ಇದು ಕಪ್ಪು ಕೆಂಪು, ನೊರಿ ಇಲ್ಲ. ಬರೀ ಮಾಂಸದ ಗಾಯ. ಮಧ್ಯಾಹ್ನ ಇಳಿಯೋ ತನಕ ಆತ ಹೆಜ್ಜಿ ಹಿಡಿದು ನಡೆಸಿದ, ಗಟ್ಟಿ ನೆಲದ ಮ್ಯಾಲ ನನಗ ಏನೂ ಕಾಣ್ತಿರ್ಲಿಲ್ಲ ಆತಗ ಎಲ್ಲಾ ಕಾಣ್ತಿತ್ತು, ಕಡೀಗಿ ಎರಡನೇ ಗುಂಡಿಗಿ ಮುಗೀತು. ಸುಲಿದಾಗ ನೋಡಿದ್ರ ತಾಮ್ರದ ಹೊದಿಕಿ ಬ್ಯಾರೆ, ಒಳಗಿನ ಸೀಸ ಬ್ಯಾರೆ, ಭುಜದ ಎಲುಬಿಗಿ ತಾಗಿದ ಕೂಡ್ಲೇ ಎರಡೂ ಅಗಲಿ ಅಲ್ಲೇ ನಿಂತಾವ, ಒಳಗ ಹೋಗೇ ಇಲ್ಲ. ಆ ಪ್ರಾಣಿ ಅಷ್ಟೊತ್ತು ನೋವು ತಿಂದದ್ದು ನನಗ ಇವತ್ತಿಗೂ ಸಂಕಟ. ಅವತ್ತಿಂದ ಸ್ವಿಫ್ಟ್ ಎ-ಫ್ರೇಮ್ ಇಲ್ಲಾ ಪೂರ್ತಿ ತಾಮ್ರದ ಬಾರ್ನ್ಸ್ ಗುಂಡು ಬಿಟ್ಟು ಬ್ಯಾರೆ ಮುಟ್ಟಿಲ್ಲ. ಶಕ್ತಿ ಎಷ್ಟೇ ಇರ್ಲಿ, ಗುಂಡು ಒಡೆದ್ರ ಎಲ್ಲಾ ದಂಡ.

ಅವಗುಣ ಅಂದ್ರ ಮುಖ್ಯ ರೊಕ್ಕ. ಒಳ್ಳೆ ಗುಂಡಿನ ತೋಟಾ ಒಂದೊಂದಕ್ಕ ನೂರಾರು ರೂಪಾಯಿ ಬೀಳ್ತದ, ಅದಕ್ಕೇ ಜನ ಪ್ರಾಕ್ಟೀಸ್ ಮಾಡಂಗಿಲ್ಲ, ಪ್ರಾಕ್ಟೀಸ್ ಇಲ್ದೇ ಪ್ರಾಣಿ ಮುಂದ ನಿಲ್ತಾರ. ಕೇಸ್ ಉದ್ದ ಇರೋದ್ರಿಂದ ರೈಫಲ್ಲಿನ ಆಕ್ಷನ್ನೂ ಉದ್ದ ಬೇಕು, ರೈಫಲ್ ತುಟ್ಟಿ ಆಗ್ತದ, ತೂಕನೂ ಏರ್ತದ. ಬೋಲ್ಟ್ ಪೂರ್ತಿ ಹಿಂದಕ ಎಳೀಬೇಕು, ಅರ್ಧಕ್ಕ ಎಳೆದ್ರ ಎರಡನೇ ತೋಟಾ ಏರಂಗಿಲ್ಲ, ಇದು ಖಾಲಿ ರೈಫಲ್ ಮ್ಯಾಲ ಮನಿಯಾಗೇ ಕಲೀಬೇಕು.

ಊರಿಗಿ ಬಂದ ಮ್ಯಾಲ ತೊಗರಿ ಹೊಲದಾಗ ಹಂದಿ ಕಾಟ ಅಂತ ಹೇಳಿ, ಅಣ್ಣಾ ಆ 375 ಹ್ಯಾಂಗದ, ಒಂದು ಕೊಡ್ಸು ಅಂತ ಕೇಳೋರು ಅದಾರ. ಬ್ಯಾಡ್ರಪ್ಪಾ. ಹಂದಿ ಆಗ್ಲಿ ಚಿಗರಿ ಆಗ್ಲಿ 1972ರ ವನ್ಯಜೀವಿ ಕಾಯ್ದೆ ಒಳಗ ಬರ್ತಾವ, ಕೃಷ್ಣಮೃಗ ಅಂತೂ ಮೊದಲ್ನೇ ಶೆಡ್ಯೂಲಿನಾಗ ಅದ, ಹೊಡೆದ್ರ ಕಮ್ಮೀತ ಕಮ್ಮಿ 3 ವರ್ಷದಿಂದ 7 ವರ್ಷ ಜೇಲು. ಚಿಂಚೋಳಿ ಅಡವಿ 2011ರಾಗೇ ಅಭಯಾರಣ್ಯ ಆಗ್ಯಾದ, ಅಲ್ಲಿ ಉಳಿದ ನಾಕು ಪ್ರಾಣಿ ನೋಡ್ಕೊಂಡು ಖುಷಿ ಪಡೋಣ. ಅದೂ ಅಲ್ದೇ ಈ ಗುಂಡು ಹಂದಿ ದಾಟಿ ಎಷ್ಟೋ ದೂರ ಹೋಗ್ತದ, ಬಾಜೂ ಹೊಲದಾಗ ಕಳೆ ತೆಗೆಯೋ ಹೆಣ್ಮಕ್ಕಳಿರ್ತಾರ, ನಂಬಲ್ಲಿ ಬಯಲು ನೆಲ, ಗುಂಡು ತಡಿಯಾಕ ಗುಡ್ಡ ಇಲ್ಲ.

ನಿಜಾಮರ ಕಾಲದ ಹಳೇ 375 ಯಾರ ಮನಿಯಾಗರ ಇದ್ರ ಅವರಿಗಿ ಒಂದು ಮಾತು. ಜತಿಗಿ ಬಂದ ಹಳೇ ಕಾರ್ಡೈಟ್ ತೋಟಾ ಹೊಡೀಬ್ಯಾಡ್ರಿ, ಹಿತ್ತಾಳಿ ಕೇಸಿನ ಕುತ್ತಿಗಿ ಸೀಳಿರ್ತದ, ಅವುಗಳ ಪ್ರೈಮರ್ (ಮದ್ದಿಗಿ ಕಿಡಿ ಹಚ್ಚೋ ಬುಡದ ಬಿಲ್ಲಿ) ನಳಿಗಿ ಒಳಗ ತುಕ್ಕು ಹಿಡಿಸ್ತದ. 2019ರ ತಿದ್ದುಪಡಿ ಆದ ಮ್ಯಾಲ ಲೈಸೆನ್ಸಿಗಿ ಎರಡೇ ಬಂದೂಕ, ಅವಧಿ 5 ವರ್ಷ, ವಾರಸುದಾರರ ಹೆಸರಿಗಿ ಮಾಡಿಸೋದು ಮುಂದಕ ಹಾಕ್ಬ್ಯಾಡ್ರಿ. ಎಲೆಕ್ಷನ್ ಬಂದಾಗ ಠಾಣಾಕ್ಕ ಜಮಾ ಮಾಡೋ ಮುಂಚೆ ನಳಿಗಿ ಒಳಗ ಹೊರಗ ಎಣ್ಣಿ ಹಚ್ಚಿ ಕೊಡ್ರಿ. ನಮ್ಮ ಸಂಬಂಧಿಕರ ಬಂದೂಕ ಒಂದು ಹಂಗೇ ಜಮಾ ಆಗಿ, ಥಂಡಿ ಖೋಲ್ಯಾಗ ಬಿದ್ದು, ವಾಪಸ್ ಬಂದಾಗ ನಳಿಗಿ ತುಂಬಾ ತುಕ್ಕು.

ಆಫ್ರಿಕಾಕ್ಕ ಕೆಲಸಕ್ಕೋ ತಿರುಗಾಕೋ ಹೋಗಿ ಕಾಯ್ದೆ ಪ್ರಕಾರ ಶಿಕಾರಿ ಮಾಡೋರಿದ್ರ ರೈಫಲ್ ತಗೊಂಡು ಹೋಗೋ ತ್ರಾಸು ಬ್ಯಾಡ, ಅಲ್ಲೇ ಬಾಡಿಗಿಗಿ 375 ಕೊಡ್ತಾರ. ಬುಕ್ ಮಾಡೋ ಮುಂಚೆ ಯಾವ ಗುಂಡು ಕೊಡ್ತೀರಿ ಅಂತ ಹೆಸರು ಹಿಡಿದು ಕೇಳ್ರಿ, ರಕ್ತ ಒಂದು ಹನಿ ಬಿದ್ರೂ ಪ್ರಾಣಿ ಸಿಗ್ಲಿ ಬಿಡ್ಲಿ ಪೂರ್ತಿ ರೊಕ್ಕ ಕಟ್ಬೇಕು ಅನ್ನೋದು ನೆಪ್ಪಿರ್ಲಿ, ಅದು ನ್ಯಾಯಾನೇ. ಮೊದಲ್ನೇ ದಿನ ಪ್ರಾಣಿ ಕಡಿ ಹೋಗೋ ಮುಂಚೆ, ನಾಳಿ ಯಾವ ಡಬ್ಬಿದು ಹೊಡೀತೀರೋ ಅದೇ ಡಬ್ಬಿ ತೋಟಾ ಮೂರು ಕಾಲಿನ ಕೋಲಿನ ಮ್ಯಾಲಿಂದ ನಿಂತು ಕಾಗದದ ಗುರಿಗಿ ಹೊಡೆದು ನೋಡ್ರಿ. ಅಂಗೈಯಷ್ಟು ಜಾಗದಾಗ ಮೂರೂ ಬೀಳ್ಲಿಲ್ಲ ಅಂದ್ರ ಇನ್ನೂ ಹತ್ರ ಹೋಗಿ ಹೊಡಿಯೋ ವಿಚಾರ ಗೈಡ್ ಜೋಡಿ ಅವತ್ತೇ ಮಾತಾಡ್ರಿ.