ರೆಸಾರ್ಟ್, ಸರ್ಕಾರಿ ಲಾಡ್ಜ್, ತೋಟದ ಮನೆ: ನನ್ನ ದುಡ್ಡು ತೋಟದ ಮನೆಗೇ

ಮೊದಲೇ ಹೇಳಿಬಿಡುತ್ತೇನೆ: ಹಾಸನದಿಂದ ನಾವು ಚಿಕ್ಕಮಗಳೂರಿಗೆ ಹೋದರೆ ಉಳಿಯುವುದು ಕಾಫಿ ತೋಟದೊಳಗಿನ ಹೋಂಸ್ಟೇಯಲ್ಲಿ. ಗುಡ್ಡದ ಮೇಲಿನ ರೆಸಾರ್ಟನ್ನೂ ನೋಡಿದ್ದೇನೆ, ಲಕ್ಕವಳ್ಳಿಯ ಸರ್ಕಾರಿ ಲಾಡ್ಜಿನಲ್ಲೂ ತಂಗಿದ್ದೇನೆ. ಕೋಣೆ ಎಷ್ಟು ದೊಡ್ಡದು, ವೈಫೈ ಇದೆಯೇ ಎಂಬುದನ್ನೆಲ್ಲ ಬುಕಿಂಗ್ ಆ್ಯಪ್ ಹೇಳುತ್ತದೆ. ನನಗೆ ಬೇಕಾದದ್ದು ಬೇರೆ: ನಾನು ಕೊಟ್ಟ ಬಾಡಿಗೆಯಿಂದ ಅಲ್ಲಿನ ಮರ ಉಳಿಯುತ್ತದೆಯೋ, ಉರುಳುತ್ತದೆಯೋ?

ರೆಸಾರ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಕಾಟೇಜು ನಿಲ್ಲಿಸಿದ್ದಾರೆ. ನಮ್ಮ ಕೋಣೆಯ ಹಿಂದಿನ ಮಣ್ಣಿನ ಗೋಡೆಗೆ ನೀಲಿ ಟಾರ್ಪಾಲು ಹೊದಿಸಿ, ಅದು ಹಾರದಂತೆ ಮೇಲೆ ಹಳೆಯ ಟೈರು ಹೇರಿದ್ದರು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದದ್ದನ್ನು ಕಂಡವರಿಗೆ ಅಂಥ ಗೋಡೆಯ ಪಕ್ಕ ನಿದ್ದೆ ಬರುವುದು ಕಷ್ಟ. ಬೇಸಿಗೆಯಲ್ಲಿ ಈಜುಕೊಳಕ್ಕೆ ಟ್ಯಾಂಕರ್ ನೀರು. ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೂ ಹಳ್ಳಗಳಿಗೆ ಬಿಡುವುದು ಈ ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಎಂಬ ದಟ್ಟ ಕಾಡು ಮತ್ತು ಹುಲ್ಲುಗಾವಲು. ಬಾಬಾಬುಡನ್ ಸಾಲಿನಲ್ಲಿ ಹುಟ್ಟುವ ವೇದಾವತಿ ವಾಣಿವಿಲಾಸ ಸಾಗರದವರೆಗೆ ಬಯಲುಸೀಮೆಗೆ ನೀರೊದಗಿಸುತ್ತಾಳೆ. ಆ ಹುಲ್ಲಿನ ಮೇಲೆ ಜೀಪು ಓಡಿಸಿ ಅದಕ್ಕೆ ‘ಪ್ರಕೃತಿ ವಿಹಾರ’ ಎಂದು ಬಿಲ್ಲು ಬರೆಯುವವರಿಗೆ ಇದನ್ನು ಹೇಳುವವರು ಯಾರು?

ತೋಟದ ಮನೆಯ ತಲೆನೋವು ಬಿಸಿನೀರು. ಸೋಲಾರ್ ಇದೆ, ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆಗ ಬಚ್ಚಲ ಹಂಡೆಯೇ ಗತಿ. ಅಮ್ಮನಿಗೆ ಬೆಳಕು ಹರಿಯುವ ಮೊದಲೇ ಸ್ನಾನವಾಗಬೇಕು; ಹಂಡೆಗೆ ಬೆಂಕಿ ಬೀಳುವುದು ಆರಕ್ಕೆ. ಮಳೆಗಾಲದ ಹಸಿ ಕಟ್ಟಿಗೆ ಹೊತ್ತಿಕೊಳ್ಳುವ ಮೊದಲು ಅರ್ಧ ಗಂಟೆ ಬರೀ ಹೊಗೆ. ಪಕ್ಕದ ಕೋಣೆಯವರು ಮೊದಲು ಹೊಕ್ಕರೆ ಮುಗಿಯಿತು, ಹಂಡೆ ತುಂಬಿ ಮತ್ತೆ ಕಾಯುವವರೆಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕೂರಬೇಕು. ಒಮ್ಮೆ ತಲೆಗೆ ಸೀಗೆಪುಡಿ ಹಚ್ಚಿಕೊಂಡ ಮೇಲೆ ನೀರು ತಣ್ಣಗಾಗಿ ಅಮ್ಮ ಇಡೀ ದಿನ ಮುಖ ಗಂಟಿಕ್ಕಿಕೊಂಡಿದ್ದರು.

“ಒಂದು ಗೀಸರ್ ಹಾಕಿಸಿಬಿಡಿ ಆಂಟಿ” ಎಂದು ತೋಟದ ಮನೆಯೊಡತಿಗೆ ಹೇಳಿದೆ. “ಕರೆಂಟ್ ಇದ್ದರೆ ತಾನೇ ಗೀಸರು? ಮಳೆಯಲ್ಲಿ ಲೈನಿನ ಮೇಲೆ ಒಂದು ಕೊಂಬೆ ಬಿದ್ದರೆ ಎರಡು ದಿನ ಕತ್ತಲು. ಜನರೇಟರ್ ಓಡಿಸಿದರೆ ನೀವು ಕೊಡುವ ಬಾಡಿಗೆ ಡೀಸೆಲ್ಲಿಗೇ ಸರಿಹೋಗುತ್ತದೆ” ಎಂದರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅವರ ಒಲೆಗೆ ಹೋಗುವುದು ಮರಗಸಿಯ, ಅಂದರೆ ತೋಟದ ನೆರಳು ಮರಗಳನ್ನು ಸವರಿದ ಕೊಂಬೆ. ಕಾಫಿಗೆ ಬೆಳಕು ಬೀಳಲೆಂದು ಹೇಗೂ ಸವರಲೇಬೇಕು, ಮರ ಮತ್ತೆ ಚಿಗುರುತ್ತದೆ. ಹೊಗೆಗೆ ಕಣ್ಣು ಉರಿಯುವುದಂತೂ ನಿಜ. ಈಗ ನಾವು ರಾತ್ರಿ ಊಟಕ್ಕೆ ಕೂತಾಗಲೇ ಯಾರ ಸ್ನಾನ ಯಾವಾಗ ಎಂದು ಹಂಚಿಕೊಳ್ಳುತ್ತೇವೆ, ಅಮ್ಮನದು ಮೊದಲು.

ಇಷ್ಟು ಕಿರಿಕಿರಿಯ ಮೇಲೂ ಅಲ್ಲಿಗೇ ಹೋಗುವುದಕ್ಕೆ ಕಾರಣ ಅಂಗಳದಾಚೆಯ ಅತ್ತಿ ಮರ. ಮಲೆನಾಡಿನ ಕಾಫಿ ಬೆಳೆಯುವುದು ಹಲಸು, ಅತ್ತಿ, ನೇರಳೆ, ಬೀಟೆಯಂಥ ಮರಗಳ ನೆರಳಿನಲ್ಲಿ. ಈಗ ಎಲ್ಲೆಲ್ಲೂ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಬೆಳೆಗಾರರನ್ನು ಬೈದು ಪ್ರಯೋಜನವಿಲ್ಲ: 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಬೀಟೆ ಕಡಿಯಲು ಅನುಮತಿ ಬೇಕು, ಸಿಲ್ವರ್ ಓಕಿಗೆ ವಿನಾಯಿತಿ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಾಫಿ ಬೆಲೆ ಬಿದ್ದ ವರ್ಷ ಕಡಿದು ಮಾರಬಹುದು. ಆದರೆ ಮಂಗಟ್ಟೆ ಹಕ್ಕಿಗೆ ಅದರಲ್ಲಿ ತಿನ್ನಲು ಹಣ್ಣಿಲ್ಲ. ಅತ್ತಿ ಹಣ್ಣಾದಾಗ ಜೋಡಿ ಮಂಗಟ್ಟೆ ಬಂದು ಕೂರುವುದನ್ನು ನೋಡಲೆಂದೇ ಬೆಂಗಳೂರಿನಿಂದ ಜನ ಬರುತ್ತಾರೆ. ಅದಕ್ಕಾಗಿ ಆ ಮರಕ್ಕೆ ಕೊಡಲಿ ಬಿದ್ದಿಲ್ಲ. ಅಂಕಲ್ ಲೆಕ್ಕದಲ್ಲಿ ಗಟ್ಟಿಗರು, ಬಾಡಿಗೆ ಬರದಿದ್ದರೆ ಆ ಜಾಗದಲ್ಲಿ ಇಷ್ಟು ಹೊತ್ತಿಗೆ ಮೆಣಸು ಹಬ್ಬಿರುತ್ತಿತ್ತು.

ಹೋಂಸ್ಟೇ ಎಂಬ ಬೋರ್ಡು ಇದ್ದ ಮಾತ್ರಕ್ಕೆ ಎಲ್ಲವೂ ಹೀಗಿಲ್ಲ. ಅಂಗಳಕ್ಕೆಲ್ಲ ಕಾಂಕ್ರೀಟ್ ಸುರಿದು ರಾತ್ರಿ ಎರಡರವರೆಗೆ ಸ್ಪೀಕರ್ ಹಚ್ಚುವವರೂ ಇದ್ದಾರೆ.

ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಲಕ್ಕವಳ್ಳಿಯ ಲಾಡ್ಜು ಚೆನ್ನಾಗಿದೆ, ಭದ್ರಾ ಜಲಾಶಯದ ದಡದಲ್ಲಿದೆ. ಅಲ್ಲಿನ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, ನಂತರದ ಕೆಲವೇ ವರ್ಷಗಳಲ್ಲಿ ಕಾಡಿನೊಳಗಿನ ಹಳ್ಳಿಗಳಿಗೆ ಹೊರಗೆ ಪುನರ್ವಸತಿ ಕೊಟ್ಟರು. ಬೇಸಿಗೆಯಲ್ಲಿ ನೀರಿಳಿದಾಗ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುವುದನ್ನು ಒಮ್ಮೆಯಾದರೂ ನೋಡಬೇಕು. ಆದರೆ ತಲೆಗಿಷ್ಟು ಎಂದು ಲೆಕ್ಕ, ನಮ್ಮ ಮನೆಯಲ್ಲಿ ತಲೆ ಜಾಸ್ತಿ. ಅಲ್ಲಿಯ ಒಂದು ರಾತ್ರಿಯ ಖರ್ಚಿನಲ್ಲಿ ತೋಟದಲ್ಲಿ ಎರಡು ರಾತ್ರಿ ಕಳೆದು, ಆಂಟಿಯ ಹತ್ತಿರ ಒಂದು ಕಿಲೋ ಕಾಫಿ ಪುಡಿಯನ್ನೂ ತರಬಹುದು.

ಪ್ರಯಾಣಕ್ಕೆ ಬಸ್ಸೇ ಸಾಕು. ಬೇಲೂರಿನ ಮೇಲೆ ಸುಮಾರು ಅರವತ್ತು ಕಿಲೋಮೀಟರ್. ಬೆಂಗಳೂರಿನವರಿಗೆ 2013ರಿಂದ ಚಿಕ್ಕಮಗಳೂರಿನವರೆಗೂ ರೈಲಿದೆ. ಪೇಟೆಗೆ ಸಾಮಾನಿಗೆ ಬರುವ ತೋಟದ ಜೀಪಿನಲ್ಲೇ ನಮ್ಮನ್ನೂ ಕರೆದೊಯ್ಯುತ್ತಾರೆ, ಮೊದಲೇ ಫೋನ್ ಮಾಡಿದ್ದರೆ.

ಬೆಳಿಗ್ಗೆ ಅಕ್ಕಿ ರೊಟ್ಟಿ, ಸಂಜೆ ತೋಟದಲ್ಲಿ ಒಂದು ಸುತ್ತು, ಒಂಬತ್ತಕ್ಕೆ ನಿದ್ದೆ ಎನ್ನುವ ನಮ್ಮಂಥವರಿಗೆ ಇದೇ ಸರಿ. ಷವರ್ ತಿರುಗಿಸಿದ ಕೂಡಲೇ ಬಿಸಿನೀರು ಬೇಕೆನ್ನುವವರು ಲಕ್ಕವಳ್ಳಿಗೆ ಹೋಗಲಿ. ನಾವು ಮುಂದೆ ಹೋಗುವುದು ಮಾರ್ಚಿನಲ್ಲಿ, ಕಾಫಿಗೆ ಹೂ ಬಿಡಿಸುವ ಹೂಮಳೆ ಬಿದ್ದ ಮೇಲೆ. ಬಿಸಿಲಿರುವುದರಿಂದ ಸೋಲಾರ್ ಕೆಲಸ ಮಾಡುತ್ತದೆ, ಬಾಡಿಗೆಯೂ ಡಿಸೆಂಬರಿನಷ್ಟಿರುವುದಿಲ್ಲ.