ಸರ್ವಿಸ್ ಕಾಲ್ ಮುಗಿಸಿ ಬಂದಮೇಲೆ: ರಿಪೋರ್ಟ್, ವಾಟ್ಸಾಪ್, ವಾಯ್ಸ್ ನೋಟ್, ಟೀ ಮೇಜು

ಮಹಾರಾಷ್ಟ್ರದ ಕೊಲ್ಹಾಪುರದ ಶಿರೋಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಮಷೀನ್ ಶಾಪ್‌ನಲ್ಲಿ ಎರಡು ದಿನ ನಿಂತಿದ್ದೆ. ಸಿಎನ್‌ಸಿ ಲೇತ್‌ನ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಟರೆಟ್, ಅಂದರೆ ಕತ್ತರಿಸುವ ಟೂಲ್‌ಗಳನ್ನು ಹಿಡಿದಿರುವ ತಲೆ, ತಿರುಗುವಾಗ ಅಲಾರಂ ಬಂದು ಮಷೀನ್ ನಿಂತುಬಿಡುತ್ತಿತ್ತು. ಕೇಬಲ್ ಬದಲಿಸಿದೆ, ಕಾರ್ಡ್ ನೋಡಿದೆ, ಪ್ಯಾರಾಮೀಟರ್‌ಗಳನ್ನು ಒಂದೊಂದಾಗಿ ತಾಳೆ ಹಾಕಿದೆ. ಕಾರಣ ಸಿಕ್ಕಿದ್ದು ಎರಡನೇ ದಿನ ಸಂಜೆ. ಲೋಹ ಹತ್ತಿರ ಬಂದದ್ದನ್ನು ಗುರುತಿಸುವ ಸೆನ್ಸರ್, ಪ್ರಾಕ್ಸಿಮಿಟಿ ಸ್ವಿಚ್‌ನ ಮುಖಕ್ಕೆ ಬೀಡುಕಬ್ಬಿಣದ ಪುಡಿ ಎಣ್ಣೆಯ ಜೊತೆ ಕಲಸಿ ಮೆತ್ತಿಕೊಂಡಿತ್ತು. ಇಂಥ ಇಂಡಕ್ಟಿವ್ ಸ್ವಿಚ್‌ಗೆ ಎದುರಿಗೆ ಲೋಹ ಇದ್ದರೆ ಸಾಕು, ಅದು ಟರೆಟ್‌ನ ಭಾಗವೋ ಮೆತ್ತಿಕೊಂಡ ಪುಡಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಒರೆಸಿದೆ, ಅಲಾರಂ ಹೋಯಿತು.

ಬೆಂಗಳೂರಿನ ಪೀಣ್ಯಕ್ಕೆ ಮರಳಿ ಈ ವಿಷಯ ಹೇಳಿದಾಗ ನಮ್ಮ ಹುಡುಗನೊಬ್ಬ, "ಇದೇ ಪ್ರಾಬ್ಲಂ ನಾನು ನಾಲ್ಕು ತಿಂಗಳ ಹಿಂದೆ ಬೆಳಗಾವಿ ಉದ್ಯಮಬಾಗ್‌ನಲ್ಲಿ ನೋಡಿದ್ದೆ ಸರ್. ರಿಪೋರ್ಟ್‌ನಲ್ಲಿ ಬರ್ದಿದೀನಲ್ಲ" ಅಂದ. ತೆಗೆದು ನೋಡಿದೆ. ನಿಜ, ಬರೆದಿದ್ದ: "ಸೆನ್ಸರ್ ಕ್ಲೀನ್ಡ್, ಮಷೀನ್ ಓಕೆ." ಅಷ್ಟೇ. ನಾಲ್ಕು ತಿಂಗಳ ಹಿಂದೆಯೇ ನಮ್ಮ ಕೈಗೆ ಬಂದಿದ್ದ ತಿಳಿವಳಿಕೆ, ಕೊಲ್ಹಾಪುರದ ಗ್ರಾಹಕರ ಎರಡು ದಿನದ ಉತ್ಪಾದನೆಯನ್ನು ಉಳಿಸಲಿಲ್ಲ. ಇದು ನನ್ನನ್ನು ತುಂಬ ಕಾಡಿತು. ಸರ್ವಿಸ್ ತಂಡ ನನ್ನ ಜವಾಬ್ದಾರಿ, ಹಾಗಾಗಿ ತಪ್ಪೂ ನನ್ನದೇ.

ಅಲ್ಲಿಂದ ಸುಮಾರು ಒಂದು ವರ್ಷ, ಒಬ್ಬರು ಕಲಿತದ್ದನ್ನು ಉಳಿದವರಿಗೆ ದಾಟಿಸಲು ನಾಲ್ಕು ದಾರಿಗಳನ್ನು ಪರೀಕ್ಷಿಸಿದೆ. ನಾವು ಒಂಬತ್ತು ಜನ, ಓಡಾಟ ಹೆಚ್ಚಾಗಿ ಬೆಳಗಾವಿ–ಕೊಲ್ಹಾಪುರದ ಫೌಂಡ್ರಿ ಪಟ್ಟಿ, ಕೊಯಮತ್ತೂರು, ರಾಜಕೋಟ್. ಅಳತೆಗೋಲು ಒಂದೇ ಇಟ್ಟುಕೊಂಡಿದ್ದೆ. ಒಬ್ಬರು ಹೋಗಿಬಂದು ಎರಡು ಮೂರು ತಿಂಗಳಾದಮೇಲೆ, ಹೋಗದಿದ್ದ ಇನ್ನೊಬ್ಬರನ್ನು ಕೇಳುವುದು: "ಈ ಅಲಾರಂ ಬಂದರೆ ಮೊದಲು ಏನು ನೋಡ್ತೀಯ? ಯಾಕೆ?"

ಮೊದಲು ರಿಪೋರ್ಟ್. ಅದನ್ನು ಬಿಡಲಾಗುವುದಿಲ್ಲ. ಮಷೀನ್ ಸೀರಿಯಲ್ ನಂಬರ್, ಬದಲಿಸಿದ ಬಿಡಿಭಾಗ, ಗ್ರಾಹಕರ ಸಹಿ ಇವೆಲ್ಲ ವಾರಂಟಿಗೆ ಬೇಕು, ಬಿಲ್ಲಿಗೆ ಬೇಕು. ಆದರೆ ನಮ್ಮಲ್ಲಿ ರಿಪೋರ್ಟ್ ಬರೆಯುವುದು ಟಿಎ (ಪ್ರಯಾಣ ಭತ್ಯೆ) ಬಿಲ್ ಬರೆಯುವ ದಿನ, ಅಂದರೆ ಬಂದು ಒಂದು ವಾರದ ಮೇಲೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾನೆ: ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನ. ವಾರ ಕಳೆದು ಬರೆಯುವವನ ಕೈಯಲ್ಲಿ ಉಳಿದಿರುವುದು "ಮಷೀನ್ ಓಕೆ" ಮಾತ್ರ. ಅದೂ ಇಂಗ್ಲಿಷಿನಲ್ಲಿ ಬರೆಯಬೇಕಾದ್ದರಿಂದ, ಬರುವ ನಾಲ್ಕು ವಾಕ್ಯಗಳಲ್ಲೇ ಹುಡುಗರು ಎಲ್ಲವನ್ನೂ ಮುಗಿಸುತ್ತಾರೆ. ನನ್ನ ಪ್ರಶ್ನೆಗೆ ರಿಪೋರ್ಟ್ ಓದಿದ್ದವರಿಂದ ಉತ್ತರ ಬರಲಿಲ್ಲ, ಏಕೆಂದರೆ ಯಾರೂ ಓದಿರಲಿಲ್ಲ.

ವಾಟ್ಸಾಪ್ ಗುಂಪಿನ ವಿಷಯದಲ್ಲಿ ನನಗೆ ಬಹಳ ಭರವಸೆ ಇತ್ತು. ಮಷೀನ್ ಮುಂದೆ ನಿಂತು ಫೋಟೊ ಹಾಕಿದರೆ ಹತ್ತು ನಿಮಿಷದಲ್ಲಿ ಮೂರು ಜನ ಉತ್ತರ ಕೊಡುತ್ತಾರೆ. ಆ ಹೊತ್ತಿನ ಸಹಾಯಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಈಗಲೂ ಬಳಸುತ್ತೇವೆ. ಆದರೆ ಕೂಡಿಡಲು ಅದು ಆಗಿಬರಲಿಲ್ಲ. ಮಾರನೇ ದಿನ ಆ ಫೋಟೊ ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ. ಬರೀ ಫೋಟೊ ಹಾಕಿದ್ದರೆ ಹುಡುಕಲು ಅದರಲ್ಲಿ ಒಂದು ಪದವೂ ಇರುವುದಿಲ್ಲ. ಮೆಮೊರಿ ತುಂಬಿತೆಂದು ಫೋನಿನಿಂದ ಅಳಿಸಿದವನು ತಿಂಗಳು ಬಿಟ್ಟು ತೆರೆಯಲು ಹೋದರೆ ಫೋಟೊ ಬರುವುದೇ ಇಲ್ಲ. ಇನ್ನೊಂದು ಎಚ್ಚರಿಕೆ: ಒಮ್ಮೆ ಸೆನ್ಸರ್ ಫೋಟೊದ ಹಿಂದೆ ಗ್ರಾಹಕರ ಡ್ರಾಯಿಂಗ್ ಸ್ಪಷ್ಟವಾಗಿ ಬಿದ್ದಿತ್ತು. ಯಾರೂ ದುರುಪಯೋಗ ಮಾಡಲಿಲ್ಲ, ಆದರೂ ಗ್ರಾಹಕರು ನಮ್ಮನ್ನು ನಂಬಿ ಒಳಗೆ ಬಿಟ್ಟಿರುತ್ತಾರೆ. ಅಂದಿನಿಂದ ಫೋಟೊ ಕತ್ತರಿಸದೆ ಕಳಿಸಬಾರದೆಂದು ಕಟ್ಟುನಿಟ್ಟು ಮಾಡಿದೆ.

ವಾಯ್ಸ್ ನೋಟ್ ಪರೀಕ್ಷಿಸಿದ್ದು ನನ್ನ ಮೇಲೆಯೇ. ಕೊಲ್ಹಾಪುರದಿಂದ ಮಿರಜ್‌ಗೆ ಬಂದು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ. ರೈಲಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಹಾಗಾಗಿ ಗ್ರಾಹಕರ ಗೇಟ್ ದಾಟಿದ ಕೂಡಲೇ, ಆಟೊಗೆ ಕಾಯುತ್ತ ಹೇಳಿಬಿಡುತ್ತಿದ್ದೆ. ಕನ್ನಡದಲ್ಲಿ, ಮನಸ್ಸಿಗೆ ಬಂದ ಹಾಗೆ. ಇದರಲ್ಲಿ ಸಿಕ್ಕಿದ್ದು ಬೇರೆ ಯಾವುದರಲ್ಲೂ ಸಿಗಲಿಲ್ಲ.

ಉದಾಹರಣೆಗೆ ಆ ಟರೆಟ್ ವಿಷಯವನ್ನೇ ನೋಡಿ. ನನಗೆ ಸುಳಿವು ಕೊಟ್ಟಿದ್ದು ನಿಪ್ಪಾಣಿ ಕಡೆಯ ಒಬ್ಬ ಆಪರೇಟರ್. "ಸಾಹೇಬ್ರ, ಮುಂಜಾನಿ ಅಲಾರಂ ಬರೂದಿಲ್ರಿ. ಊಟ ಆದ ಮ್ಯಾಲ ಬರ್ತೈತ್ರಿ" ಅಂದ. ಊಟದ ನಂತರ ಏನು ಬದಲಾಗುತ್ತದೆ ಎಂದು ಕೇಳಿದಾಗ ಗೊತ್ತಾಯಿತು: ಬೆಳಿಗ್ಗೆಯ ಜಾಬ್ ಕೂಲಂಟ್ (ತಂಪು ಮಾಡುವ ದ್ರವ) ಹರಿಸಿ ಮಾಡುವಂಥದ್ದು, ಮಧ್ಯಾಹ್ನ ಬ್ರೇಕ್ ಡ್ರಮ್, ಅದು ಡ್ರೈ, ಅಂದರೆ ಕೂಲಂಟ್ ಇಲ್ಲದೆ. ಬೀಡುಕಬ್ಬಿಣದೊಳಗೆ ಗ್ರಾಫೈಟ್ ಇರುವುದರಿಂದ ಉಕ್ಕಿನಂತೆ ಉದ್ದ ಚಿಪ್ ಬರದೆ ಪುಡಿಯಾಗುತ್ತದೆ. ತೊಳೆಯಲು ಕೂಲಂಟ್ ಇಲ್ಲದಾಗ ಆ ಪುಡಿ ಎಲ್ಲೆಂದರಲ್ಲಿ ಹೋಗಿ ಕೂರುತ್ತದೆ. ರಿಪೋರ್ಟ್‌ನಲ್ಲಿ ನಾನು ಆಪರೇಟರ್ ಮಾತನ್ನು ಎಂದೂ ಬರೆಯುತ್ತಿರಲಿಲ್ಲ, ಅದಕ್ಕೆ ಕಾಲಂ ಇಲ್ಲ. ವಾಯ್ಸ್ ನೋಟ್‌ನಲ್ಲಿ ಅದೇ ಮೊದಲು ಬಂತು.

ತೊಂದರೆ ಏನೆಂದರೆ, ಹನ್ನೊಂದು ನಿಮಿಷದ ಮಾತನ್ನು ಯಾರೂ ಪೂರ್ತಿ ಕೇಳುವುದಿಲ್ಲ. ಗೂಗಲ್ ಡಾಕ್ಸ್‌ನ ಕನ್ನಡ ಧ್ವನಿ ಟೈಪಿಂಗ್‌ನಲ್ಲಿ ಬರಹ ಮಾಡಿಸಲು ನೋಡಿದೆ. ಮನೆಯಲ್ಲಿ ಕೂತು ಶುದ್ಧ ಕನ್ನಡ ಮಾತಾಡಿದರೆ ಚೆನ್ನಾಗಿಯೇ ಬರುತ್ತದೆ. ನಮ್ಮ ಮಾತಿನಲ್ಲಿ ಎರಡು ಪದಕ್ಕೊಂದು ಮಷೀನಿನ ಪದ, ಅಲ್ಲೆಲ್ಲ ಎಡವಿತು. ಹೇಳಿದವನಿಗೆ ನೆನಪು ತಾಜಾ ಇಡಲು ವಾಯ್ಸ್ ನೋಟ್ ಸೊಗಸು, ಇನ್ನೊಬ್ಬರಿಗೆ ದಾಟಿಸಲು ಅಲ್ಲ.

ಕೊನೆಗೆ ಟೀ ಮೇಜು. ಹೋದವರು ಬಂದ ಮಾರನೇ ಬೆಳಿಗ್ಗೆ, ಫೋನ್‌ಗಳು ಶುರುವಾಗುವ ಮುಂಚೆ, ಇಪ್ಪತ್ತು ನಿಮಿಷ. ಅಮೆರಿಕದ ಸೇನೆ 1970ರ ದಶಕದಲ್ಲಿ ತರಬೇತಿಗೆಂದು ರೂಪಿಸಿದ ಪ್ರಶ್ನೆಗಳನ್ನು ನಮ್ಮ ಮಾತಿಗೆ ತಂದುಕೊಂಡೆ: ಏನಾಗಬೇಕಿತ್ತು, ಏನಾಯಿತು, ಯಾಕಾಯಿತು, ಮುಂದೆ ಏನು ಮಾಡುವುದು. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ರಿಪೇರಿ ಎಂಜಿನಿಯರ್‌ಗಳ ಜೊತೆ ಓಡಾಡಿ ಕಂಡಿದ್ದೂ ಇದನ್ನೇ. ಕೈಪಿಡಿಯಲ್ಲಿಲ್ಲದ ತೊಂದರೆಗಳನ್ನು ಅವರು ಬಿಡಿಸುತ್ತಿದ್ದದ್ದು ಊಟ ತಿಂಡಿಯ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಥೆಗಳಿಂದ. ಮುಂದೆ ಅದೇ ಕಂಪನಿ 1990ರ ದಶಕದಲ್ಲಿ ಅಂಥ ಸುಳಿವುಗಳನ್ನು ಕೂಡಿಡಲು 'ಯುರೇಕಾ' ಎಂಬ ವ್ಯವಸ್ಥೆ ಮಾಡಿತು. ನಮ್ಮ ಮೇಜಿನ ಸುತ್ತ ಆದದ್ದೂ ಹಾಗೇ. ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಬೆಳಿಗ್ಗೆ ಯಾಕೆ ಬರ್ತಿರ್ಲಿಲ್ಲ ಸರ್?" ಆ ಪ್ರಶ್ನೆ ಬಂದಿದ್ದಕ್ಕೇ ಡ್ರೈ ಜಾಬ್ ವಿಷಯ ಎಲ್ಲರ ತಲೆಗೆ ಹೋಯಿತು. ಮೂರು ತಿಂಗಳ ಮೇಲೆ ಕೇಳಿದಾಗ ಕಾರಣ ಸಮೇತ ಉತ್ತರ ಕೊಟ್ಟವರು ಆ ಬೆಳಿಗ್ಗೆ ಕೂತಿದ್ದವರು ಮಾತ್ರ. ಅಂದು ರಾಜಕೋಟ್‌ನಲ್ಲಿದ್ದ ಇಬ್ಬರಿಗೆ ಏನೂ ಗೊತ್ತಿರಲಿಲ್ಲ. ಮಾತಿನ ಮಿತಿ ಅದೇ.

ಹಾಗಾಗಿ ನಾನು ಒಪ್ಪಿಕೊಂಡ ದಾರಿ ಇದು: ಹೇಳುವುದು ಹೋಗಿಬಂದವರು, ಅದನ್ನು ಒಂದು ಹಾಳೆಯಲ್ಲಿ ಬರೆಯುವುದು ಕೇಳಿದವರು. ಇದನ್ನು ನಾನು ಆಕಸ್ಮಿಕವಾಗಿ ಕಂಡುಕೊಂಡೆ. ರಾಜಕೋಟ್‌ನಿಂದ ಬಂದವನೊಬ್ಬ, ಕೂಲಂಟ್ ತೆಳುವಾಗಿತ್ತು, ಎಣ್ಣೆ ಸೇರಿಸಿ, ಅದರ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ ಸರಿ ಮಾಡಿ ಬಂದೆ ಎಂದ. ಅವನಿಗೆ ಜ್ವರ ಇದ್ದದ್ದರಿಂದ ಹಾಳೆ ಬರೆಯಲು ಇನ್ನೊಬ್ಬನಿಗೆ ಹೇಳಿದೆ. ಬರೆಯಲು ಕೂತವನು ಎದ್ದು ಬಂದು, "ಯಾವ ನೀರು ಹಾಕ್ತಾರಂತೆ?" ಎಂದು ಕೇಳಿದ. ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಕೂಲಂಟ್‌ನ ಎಮಲ್ಸಿಫೈಯರ್ (ಎಣ್ಣೆಯನ್ನು ನೀರಿನಲ್ಲಿ ಬೆರೆಸಿಡುವ ಪದಾರ್ಥ) ಜೊತೆ ಸೇರಿ ಕೆನೆಯಂಥ ಗಸಿ ಮಾಡುತ್ತದೆ, ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ, ಎಷ್ಟು ಸುರಿದರೂ ನಿಲ್ಲುವುದಿಲ್ಲ. ಹಾಳೆಯ ಮೊದಲ ಸಾಲು "ನೀರು ಎಲ್ಲಿಂದ ಬರುತ್ತದೆ ಕೇಳಿ" ಎಂದಾಯಿತು. ಹೋಗಿಬಂದವನೇ ಬರೆದಿದ್ದರೆ ಆ ಸಾಲು ಬರುತ್ತಿರಲಿಲ್ಲ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂದೇ ಅವನು ತಿಳಿದಿರುತ್ತಾನೆ. ಕೇಳಿದವನಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದು ಗೊತ್ತಿರುತ್ತದೆ.

ಒಂದೇ ಹಾಳೆ, ಎ4, ಕನ್ನಡದಲ್ಲಿ. ಟೊಯೋಟಾದವರು ಸಮಸ್ಯೆಯನ್ನೆಲ್ಲ ಒಂದು ಎ3 ಹಾಳೆಗೆ ಇಳಿಸುತ್ತಾರೆ, ನಮಗೆ ಅದರರ್ಧವೇ ಸಾಕಾಗಿದೆ. ಹೇಳಿದವನು ಓದಿ ಸಹಿ ಹಾಕಬೇಕು.

ಫೈಲ್ ಮಾಡುವ ರೀತಿಯೂ ಬದಲಾಯಿತು. ರಿಪೋರ್ಟ್‌ಗಳು ಗ್ರಾಹಕರ ಹೆಸರು, ತಾರೀಖಿನ ಪ್ರಕಾರ ಇರುತ್ತವೆ. ತೊಂದರೆಯಲ್ಲಿ ನಿಂತವನಿಗೆ ಎರಡೂ ಗೊತ್ತಿರುವುದಿಲ್ಲ, ಅವನ ಕಣ್ಣ ಮುಂದಿರುವುದು ಅಲಾರಂ ನಂಬರ್. ಅದಕ್ಕೇ ಹಾಳೆಗಳನ್ನು ಅಲಾರಂ ನಂಬರಿನ ಪ್ರಕಾರ ಜೋಡಿಸಿದ್ದೇವೆ. ಅಲಾರಂ ಇಲ್ಲದ ತೊಂದರೆಗಳನ್ನು ಕಣ್ಣಿಗೆ ಕಾಣುವ ಲಕ್ಷಣದ ಹೆಸರಿನಲ್ಲಿ: "ಕೂಲಂಟ್ ಕೆನೆಗಟ್ಟುವುದು", "ಬೆಳಿಗ್ಗೆ ಮಾತ್ರ ಸೈಜ್ ಹೆಚ್ಚುಕಡಿಮೆ". ಪ್ರತಿ ಹಾಳೆಯ ಸ್ಕ್ಯಾನ್ ಫೋನಿನಲ್ಲಿ, ಮೂಲ ಪ್ರತಿ ಸರ್ವಿಸ್ ರೂಮಿನ ಕಪಾಟಿನಲ್ಲಿ. ಟರೆಟ್ ಹಾಳೆಯ ಮೇಲ್ತುದಿಯಲ್ಲಿ ಆಪರೇಟರ್‌ನ ಮಾತು ಅವನ ಬಾಯಲ್ಲಿ ಬಂದ ಹಾಗೇ ಇದೆ: "ಊಟ ಆದ ಮ್ಯಾಲ ಬರ್ತೈತ್ರಿ."