ಹೆಂಗಸರ ದೂರದ ಸವಾರಿಗೆ ಯಾವ ಸೀಟು? ಜೆಲ್, ಚರ್ಮ, ಮೋಟು ಮೂತಿ: ಮೂರನ್ನೂ ಓಡಿಸಿ ನೋಡಿದ ಹೋಲಿಕೆ

ಸಪಾಟು ದಾರಿಯಲ್ಲಿ 60 ಕಿ.ಮೀ. ತಕರಾರಿಲ್ಲದೆ ಹೊತ್ತು ಹೋದ ಸೀಟು, ಏರುದಾರಿಯಲ್ಲಿ ಅರ್ಧ ಗಂಟೆಗೇ ಜೋಮು ಹಿಡಿಸುತ್ತದೆ. ಸೀಟು ಅದೇ, ಕೂತವಳೂ ಅವಳೇ. ಬದಲಾದದ್ದು ಓರೆ. 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 8 ಮೀಟರ್ ಮೇಲೇರುವ ದಾರಿ, ಅಂದರೆ 8% ಏರು, ಇಡೀ ಸೈಕಲ್ಲನ್ನು ಸುಮಾರು ನಾಲ್ಕೂವರೆ ಡಿಗ್ರಿ ಹಿಂದಕ್ಕೆ ವಾಲಿಸುತ್ತದೆ. ಮನೆಯಲ್ಲಿ ಮಟ್ಟ ನೋಡಿ ಕೂರಿಸಿದ ಸೀಟಿನ ಮೂತಿ, ಅಂದರೆ ಅದರ ಕಿರಿದಾದ ಮುಂತುದಿ, ಅಲ್ಲಿ ಅಷ್ಟೇ ಡಿಗ್ರಿ ಮೇಲೆದ್ದು, ಯೋನಿಯ ಸುತ್ತಲಿನ ಮೆತ್ತನೆ ಜಾಗವನ್ನು ಒತ್ತುತ್ತದೆ. ಹಾಗಾಗಿ ನಿಮ್ಮದು ಯಾವ ದಾರಿ ಅಂತ ಕೇಳದೆ ಸೀಟು ಹೇಳುವುದು ಅಳತೆ ತೆಗೆಯದೆ ರವಿಕೆ ಹೊಲಿದ ಹಾಗೆ.

ಇಲ್ಲಿ ಹೋಲಿಸಿರುವುದು ಮೂರು ಬಗೆ: ಜೆಲ್ ತುಂಬಿದ ಅಗಲ ಸೀಟು, ಎಳೆದು ಕಟ್ಟಿದ ಚರ್ಮದ ಸೀಟು, ನಡುವೆ ಸೀಳಿರುವ ಮೋಟು ಮೂತಿಯ ಸೀಟು. ಮೂರನ್ನೂ ಒಂದೇ ಸೈಕಲ್ಲಿಗೆ ಹಾಕಿ, ಕೂರುವ ಜಾಗಕ್ಕೆ ಮೆತ್ತೆ ಹೊಲಿದ ಒಂದೇ ಪ್ಯಾಡ್ ಚಡ್ಡಿಯಲ್ಲಿ, ಸಪಾಟು ದಾರಿ, ಏರು, ಕಲ್ಲುಮಣ್ಣಿನ ದಾರಿ ಮೂರರಲ್ಲೂ ಓಡಿಸಿ ನೋಡಿದ್ದು. ಚಡ್ಡಿ ಬದಲಾದರೆ ಹೋಲಿಕೆಯೇ ಕೆಡುತ್ತದೆ. ಪ್ಯಾಡಿನ ದಪ್ಪದಲ್ಲಿ ಕೆಲವೇ ಮಿ.ಮೀ. ವ್ಯತ್ಯಾಸವಿದ್ದರೂ ಸೀಟಿನ ಗುಣದೋಷ ಅದರಡಿ ಮುಚ್ಚಿಹೋಗುತ್ತದೆ.

ಮೊದಲು ಅಳತೆ

ಕೂತಾಗ ಭಾರ ಹೊರಬೇಕಾದದ್ದು ಕುಂಡೆಯ ಕೆಳಗಿನ ಎರಡು ಮೂಳೆ, ಸೈಕಲ್ ಮಂದಿ ಸಿಟ್ ಬೋನ್ ಅನ್ನುವಂಥವು. ಹೆಂಗಸರಲ್ಲಿ ಇವುಗಳ ನಡುವಿನ ಅಂತರ ಸರಾಸರಿಯಲ್ಲಿ ಗಂಡಸರಿಗಿಂತ ಹೆಚ್ಚು. ಆದರೆ ಅದಕ್ಕೂ ಸೊಂಟದ ಸುತ್ತಳತೆಗೂ ನೇರ ಸಂಬಂಧವಿಲ್ಲ. ತೆಳ್ಳಗಿರುವವರಿಗೆ ಅಗಲ ಸೀಟು ಬೇಕಾಗುವುದು, ದಪ್ಪಗಿರುವವರಿಗೆ ಕಿರಿದಾದದ್ದು ಸರಿಹೋಗುವುದು ಎರಡೂ ಸಾಮಾನ್ಯ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಪಾರ್ಸಲ್ ಬರುವ ಅಲೆಪದರದ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ತೆಳುವಾದ ಬಟ್ಟೆಯಲ್ಲಿ ಕೂರಿ. ಹಿಮ್ಮಡಿ ಎತ್ತಿ, ಹ್ಯಾಂಡಲ್ ಹಿಡಿದಷ್ಟು ಮುಂದೆ ಬಗ್ಗಿ, ಸ್ಟೂಲನ್ನು ಎರಡೂ ಕೈಯಿಂದ ಹಿಡಿದು ಒಂದು ನಿಮಿಷ ಕೆಳಕ್ಕೆ ಎಳೆದುಕೊಳ್ಳಿ. ಎದ್ದು ರಟ್ಟಿನ ಮೇಲೆ ಬೆರಳಾಡಿಸಿದರೆ ಎರಡು ಕುಳಿ ಸಿಗುತ್ತವೆ. ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಅಳೆಯಿರಿ, ಮೂರು ಸಲ. ಬಗ್ಗಿ ಓಡಿಸುವವರು ಬಂದ ಅಳತೆಗೆ 20ರಿಂದ 25 ಮಿ.ಮೀ., ನೆಟ್ಟಗೆ ಕೂರುವವರು 30 ಮಿ.ಮೀ.ಗೂ ಸ್ವಲ್ಪ ಹೆಚ್ಚು ಕೂಡಿಸಿದರೆ ಸೀಟಿನ ಅಗಲ ಸಿಗುತ್ತದೆ. 130 ಮಿ.ಮೀ. ಬಂದವರು ಬಗ್ಗಿ ಓಡಿಸುವುದಾದರೆ 155ರ ಸೀಟು ನೋಡಬೇಕು. ಬಗ್ಗಿದಷ್ಟೂ ಅಗಲ ಕಡಿಮೆ ಸಾಕಾಗುವುದಕ್ಕೆ ಕಾರಣವಿದೆ: ಆ ಮೂಳೆಗಳು ಮುಂದಕ್ಕೆ ಬಂದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಬಗ್ಗಿದಾಗ ಸೊಂಟ ಉರುಳಿ, ಭಾರ ಆ ಮುಂದಿನ ಕಿರಿದಾದ ಭಾಗಕ್ಕೆ ಬರುತ್ತದೆ.

ಜೆಲ್ ಸೀಟು

ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ನೋಡಿದಾಗ ಗೆಲ್ಲುವುದು ಇದೇ. ಮೊದಲ ಇಪ್ಪತ್ತು ನಿಮಿಷವೂ ಇದೇ ಗೆಲ್ಲುತ್ತದೆ. ಆಮೇಲೆ ಮೂಳೆಗಳು ಜೆಲ್ಲಿನೊಳಗೆ ಇಳಿಯುತ್ತವೆ. ಅವು ತಳ್ಳಿದ ಜೆಲ್ ಎಲ್ಲಿಗೂ ಮಾಯವಾಗುವುದಿಲ್ಲ, ಪಕ್ಕಕ್ಕೆ ಸರಿದು ನಡುವೆ ಉಬ್ಬುತ್ತದೆ. ಯಾವ ಜಾಗಕ್ಕೆ ಒತ್ತಡ ಬೀಳಬಾರದೋ ಸರಿಯಾಗಿ ಅಲ್ಲಿಗೇ ಬಂದು ಒತ್ತುತ್ತದೆ. ಮೆತ್ತಗಿದ್ದಷ್ಟೂ ಜೋಮು ಬೇಗ ಹಿಡಿಯುವುದು ಇದರಿಂದ. ಬೆವರು ಆರುವುದಿಲ್ಲ, ಅಗಲವಾದ ಮೂತಿ ತೊಡೆಸಂದಿಗೆ ಉಜ್ಜುತ್ತದೆ.

ಬೆನ್ನು ನೆಟ್ಟಗಿಟ್ಟುಕೊಂಡು ಮುಕ್ಕಾಲು ಗಂಟೆಯೊಳಗಿನ ಓಡಾಟಕ್ಕೆ ಇದು ಒಳ್ಳೆಯ ಸೀಟೇ. ಅದರಾಚೆಗೆ ಬೇಡ. ಇರುವ ಸೀಟಿಗೆ ಹೊದಿಸುವ ಜೆಲ್ ಕವರ್ ಇನ್ನೂ ತೊಂದರೆ: ಪೆಡಲ್ ತುಳಿದಾಗೆಲ್ಲ ಅತ್ತಿತ್ತ ಜಾರುತ್ತದೆ, ಸೀಟಿನ ಸೀಳನ್ನೇ ಮುಚ್ಚಿಬಿಡುತ್ತದೆ, ಎತ್ತರವನ್ನೂ ಹೆಚ್ಚಿಸುತ್ತದೆ. ಕವರ್ ಹಾಕಿ ಸೀಟ್ ಪೋಸ್ಟ್ (ಸೀಟು ಹೊತ್ತ ಕಂಬ) ಇಳಿಸದೆ ಹೊರಟವರಿಗೆ ಸೊಂಟ ಅತ್ತಿತ್ತ ತೊನೆದು ಒಂದು ಬದಿ ಸುಲಿಯುವುದು ಖಂಡಿತ.

ಚರ್ಮದ ಸೀಟು

ಇದರ ಮಾದರಿ ಅಂದರೆ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಬಿ17. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ತಯಾರಾಗುತ್ತಿರುವ ಸೀಟು. ಹೆಂಗಸರಿಗೆಂದು ಮೂತಿ ಮೊಟಕು ಮಾಡಿದ ಬಿ17 ಎಸ್ ಉದ್ದದಲ್ಲಿ ಸುಮಾರು 3 ಸೆಂ.ಮೀ. ಕಡಿಮೆ, ಅಗಲದಲ್ಲಿ ಸುಮಾರು 175 ಮಿ.ಮೀ. ತೂಕ ಅರ್ಧ ಕೆಜಿಯ ಆಸುಪಾಸು, ಇವತ್ತಿನ ಹಗುರ ಸೀಟುಗಳಿಗೆ ಹೋಲಿಸಿದರೆ ಎರಡು ಪಟ್ಟು.

ದಪ್ಪ ಚರ್ಮವನ್ನು ಹಿಂದು ಮುಂದು ಎಳೆದು ಕಟ್ಟಿರುವುದರಿಂದ ಅದು ತೊಟ್ಟಿಲಿನಂತೆ ತೂಗುತ್ತದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ನಿಮ್ಮ ಮೂಳೆಗಳ ಜಾಗದಲ್ಲೇ ಎರಡು ಕುಳಿ ಬೀಳುತ್ತವೆ. ಆ ಕುಳಿ ಬಿದ್ದ ದಿನದಿಂದ, ನೆಟ್ಟಗೆ ಅಥವಾ ಸ್ವಲ್ಪವೇ ಬಗ್ಗಿ, ಸಪಾಟು ದಾರಿಯಲ್ಲಿ ದಿನವಿಡೀ ಹೋಗುವವರಿಗೆ ಇದರಷ್ಟು ಹಿತವಾದ ಸೀಟು ಇನ್ನೊಂದಿಲ್ಲ. ಗಾಳಿಯಾಡುತ್ತದೆ, ನುಣುಪಾಗಿರುವುದರಿಂದ ಚಡ್ಡಿ ಉಜ್ಜುವುದಿಲ್ಲ.

ಆ ನುಣುಪೇ ಏರಿನಲ್ಲಿ ತಿರುಗಿ ಬೀಳುತ್ತದೆ. ಚರ್ಮದ ಮೇಲೆ ಮುಂದಕ್ಕೆ ಜಾರದಿರಲಿ ಅಂತ ಮೂತಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ಕೂರಿಸುವುದು ರೂಢಿ. ಮೇಲೆತ್ತಿದ ಮೂತಿಗೆ 8% ಏರು ಸೇರಿದರೆ ಮುಂಭಾಗಕ್ಕೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ನಡುವೆ ಸೀಳು ಕೊಯ್ದ ಚರ್ಮದ ಮಾದರಿಗಳೂ ಇವೆ. ಬೆಟ್ಟದ ದಾರಿಯವರು ಚರ್ಮವೇ ಬೇಕೆಂದರೆ ಅವನ್ನೇ ನೋಡಬೇಕು.

ಇನ್ನೊಂದು ತೊಡಕು ಕಂಬಿಗಳದ್ದು. ಸೀಟಿನಡಿಯ ಎರಡು ಕಂಬಿಗಳಲ್ಲಿ ಸೀಟ್ ಪೋಸ್ಟಿನ ಕ್ಲ್ಯಾಂಪ್ ಹಿಡಿಯುವ ಉದ್ದ ಇದರಲ್ಲಿ ಕಡಿಮೆ, ಹಾಗಾಗಿ ಸೀಟನ್ನು ಸಾಕಷ್ಟು ಹಿಂದೆ ಸರಿಸಲು ಬರುವುದಿಲ್ಲ. ಹಿಂಬಾಗಿದ ಸೀಟ್ ಪೋಸ್ಟ್ ಬೇಕಾಗಬಹುದು ಅನ್ನುವುದು ಕೊಳ್ಳುವ ಮೊದಲೇ ಗೊತ್ತಿರಲಿ. ಒದ್ದೆಯಾದ ಚರ್ಮದ ಮೇಲೆ ಕೂತು ಓಡಿಸಿದರೆ ಅದು ಜೋತುಬೀಳುತ್ತದೆ, ಬಿಸಿಲಿಗೋ ಹೀಟರಿಗೋ ಹಿಡಿದು ಒಣಗಿಸಿದರೆ ಸೀಳುತ್ತದೆ. ನೆರಳಲ್ಲಿ ಆರಿಸಿ, ಆಮೇಲೆ ಚರ್ಮಕ್ಕೆಂದೇ ಮಾಡಿದ ಮೇಣ ಹಚ್ಚಬೇಕು. ಮೂತಿಯಡಿಯ ಬೋಲ್ಟನ್ನು ಬಿಗಿ ಮಾಡುವ ಹುಮ್ಮಸ್ಸು ಬೇಡ. ವರ್ಷಕ್ಕೆ ಕಾಲು ಸುತ್ತು, ಅದೂ ಜೋತುಬಿದ್ದಿದ್ದರೆ ಮಾತ್ರ.

ಮೋಟು ಮೂತಿಯ ಸೀಟು

ಸೀಟಿನ ನಡುವೆ ತೂತು ಕೊಯ್ಯುವ ಯೋಚನೆ ಹೆಂಗಸರ ಸೈಕಲ್ಲಿನಿಂದಲೇ ಬಲವಾಯಿತು ಅನ್ನುವುದು ನೆನಪಿಡಬೇಕಾದ ಸಂಗತಿ. 1985ರಲ್ಲಿ ಹೆಂಗಸರಿಗೆಂದೇ ಸೈಕಲ್ ಕಂಪನಿ ತೆರೆದ ಅಮೆರಿಕದ ಎಂಜಿನಿಯರ್ ಜಾರ್ಜಿನಾ ಟೆರ್ರಿ, ಕುಳ್ಳಗಿರುವವರಿಗೆ ಹೊಂದಲಿ ಅಂತ ಮುಂದಿನ ಚಕ್ರವನ್ನು 24 ಇಂಚಿಗೆ ಇಳಿಸಿದವರು. 1990ರ ದಶಕದ ಆರಂಭದಲ್ಲಿ ಅವರ ಕಂಪನಿ ಮೂತಿಯಲ್ಲಿ ತೂತಿರುವ ಸೀಟು ತಂದಿತು. ಈಗಿನ ಮೋಟು ಮೂತಿಗಳು ಅದರ ಮೊಮ್ಮಕ್ಕಳು.

ಹಳೆಯ ಸೀಟುಗಳ ಉದ್ದ 270ರಿಂದ 280 ಮಿ.ಮೀ., ಇವುಗಳದು 240ರ ಆಸುಪಾಸು. ರಸ್ತೆ ರೇಸುಗಳಿಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಟ್ಟಿರುವ ಕನಿಷ್ಠ ಉದ್ದವೂ 240 ಮಿ.ಮೀ. ಕಳೆದ ಆ ಮೂರ್ನಾಲ್ಕು ಸೆಂ.ಮೀ. ಮೂತಿಯದ್ದೇ. ಏರಿನಲ್ಲಿ ಸೊಂಟ ಮುಂದಕ್ಕೆ ಉರುಳಿದಾಗ ಒತ್ತಲು ಅಲ್ಲಿ ಏನೂ ಇರುವುದಿಲ್ಲ. ಏರುದಾರಿಯಲ್ಲಿ ಈ ಸೀಟು ಉಳಿದೆರಡಕ್ಕೂ ಎಷ್ಟೋ ಮೇಲು, ಇದರಲ್ಲಿ ಎರಡು ಮಾತಿಲ್ಲ.

ಸೀಳಿನಲ್ಲಿ ಎರಡು ಬಗೆ. ಪೂರ್ತಿ ತೆರೆದ ಸೀಳಾದರೆ ಕೆಲವರಿಗೆ ಅದರ ಅಂಚು ಕೊರೆಯುತ್ತದೆ. ಮೆತ್ತನೆ ಭಾಗ ತೆರಪಿನೊಳಗೆ ಇಳಿದು, ಎರಡೂ ಅಂಚಿನ ನಡುವೆ ಸಿಕ್ಕಿ ಊದಿಕೊಳ್ಳುವುದೂ ಉಂಟು. ಸ್ಪೆಷಲೈಜ್ಡ್ ಕಂಪನಿ 2018ರಲ್ಲಿ ತಂದ ಮಿಮಿಕ್ ಮಾದರಿಯಲ್ಲಿ ಅದೇ ಜಾಗಕ್ಕೆ ತೀರ ಮೃದುವಾದ ಮೆಮೊರಿ ಫೋಮ್ ತುಂಬಿರುವುದು ಈ ಕಾರಣಕ್ಕೆ. ತೆರೆದ ಸೀಳಿನಲ್ಲಿ ಸವಾರಿ ಮುಗಿದ ಮೇಲೆ ಊತ ಕಂಡವರು ಈ ಬಗೆಗೆ ಬದಲಾಯಿಸಿ ನೋಡಬೇಕು. ತೆರೆದದ್ದರಲ್ಲಿ ಹಿತವಾಗಿದ್ದವರಿಗೆ ಬದಲಾಯಿಸುವ ಅಗತ್ಯವಿಲ್ಲ.

ಕೊರತೆಯೂ ಇದೆ. ಮೋಟು ಮೂತಿಯ ಮೇಲೆ ಕೂರುವ ಜಾಗ ಒಂದೇ. ಉದ್ದ ಸೀಟಿನಲ್ಲಾದರೆ ಹಿಂದೆ ಮುಂದೆ ಸರಿದು ಒತ್ತಡ ಹಂಚಬಹುದು, ಇಲ್ಲಿ ಆಗದು. ಎದುರುಗಾಳಿಯ ಸಪಾಟು ದಾರಿಯಲ್ಲಿ ಮೂರನೆಯ ಗಂಟೆಯ ಹೊತ್ತಿಗೆ ಇದು ಗೊತ್ತಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು ಇಪ್ಪತ್ತು ಎಣಿಸುವುದೇ ಪರಿಹಾರ. ಕಲ್ಲುಮಣ್ಣಿನ ಇಳಿಜಾರಿನಲ್ಲಿ ತೊಡೆಯಿಂದ ಮೂತಿ ಹಿಡಿದು ಸೈಕಲ್ ನಿಭಾಯಿಸುವ ಅಭ್ಯಾಸವಿದ್ದವರಿಗೆ ಹಿಡಿಯಲು ಮೂತಿಯೇ ಸಾಲದು. ಸೀಟಿನ ಹಿಂದಕ್ಕೆ ಸರಿದು ಮತ್ತೆ ಬರುವಾಗ ಅಗಲವಾದ ಹಿಂಬದಿಗೆ ಚಡ್ಡಿ ಸಿಕ್ಕಿಕೊಳ್ಳುವುದೂ ಇದರಲ್ಲೇ ಹೆಚ್ಚು.

ಕೂರಿಸುವುದರಲ್ಲಿ ಆಗುವ ತಪ್ಪು

ಮೋಟು ಮೂತಿ ಸರಿಬರಲಿಲ್ಲ ಅನ್ನುವವರಲ್ಲಿ ಬಹಳ ಮಂದಿ ಹೊಸ ಮೂತಿಯನ್ನು ಹಳೆಯ ಮೂತಿಯ ನೇರಕ್ಕೆ ತಂದು ಬಿಗಿದಿರುತ್ತಾರೆ. ಆಗ ಕೂರುವ ಜಾಗ ಮೂರ್ನಾಲ್ಕು ಸೆಂ.ಮೀ. ಮುಂದಕ್ಕೆ ಹೋಗಿ, ಮಂಡಿ ನೋವು, ಅಂಗೈ ಜೋಮು ಎರಡೂ ಬರುತ್ತವೆ. ತಪ್ಪು ಸೀಟಿನದಲ್ಲ. ಹಳೆಯ ಸೀಟು ಬಿಚ್ಚುವ ಮೊದಲು ಅದರ ಅಗಲ ಎಲ್ಲಿ ಸರಿಯಾಗಿ 80 ಮಿ.ಮೀ. ಇದೆಯೋ ಅಲ್ಲಿಗೆ ಟೇಪು ಅಂಟಿಸಿ, ಆ ಗುರುತಿನಿಂದ ಹ್ಯಾಂಡಲ್ಲಿನ ನಡುವಿಗೂ, ಎರಡೂ ಪೆಡಲ್ ತೋಳುಗಳು ಸೇರುವ ಅಚ್ಚಿನ ನಡುವಿಗೂ ಎಷ್ಟು ಅಂತ ಬರೆದುಕೊಳ್ಳಿ. ಹೊಸ ಸೀಟಿನಲ್ಲೂ 80 ಮಿ.ಮೀ. ಅಗಲದ ಜಾಗ ಹುಡುಕಿ, ಎರಡೂ ಅಳತೆ ತಾಳೆಯಾಗುವಂತೆ ಕೂರಿಸಿ. ಮೂತಿ ಹಳೆಯದಕ್ಕಿಂತ ಹಿಂದೆಯೇ ನಿಲ್ಲುತ್ತದೆ, ನಿಲ್ಲಲಿ.

ಓರೆ ನೋಡಲು ಸೈಕಲ್ಲನ್ನು ಸಮನೆಲದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಫೋನಿನ ಮಟ್ಟ ತೋರಿಸುವ ಆ್ಯಪ್ ತೆರೆದಿಡಿ. ಸಪಾಟು ದಾರಿಯವರು ಸೊನ್ನೆಯಿಂದ ಶುರುಮಾಡಲಿ, ಏರಿನವರು ಮೂತಿಯನ್ನು 2 ಡಿಗ್ರಿ ಇಳಿಸಲಿ. 3 ದಾಟಿದರೆ ಮುಂದಕ್ಕೆ ಜಾರಿ ಇಡೀ ಭಾರ ಕೈಗೆ ಬರುತ್ತದೆ. ಎರಡು ಬೋಲ್ಟಿನ ಸೀಟ್ ಪೋಸ್ಟಾದರೆ ಹಿಂದಿನದನ್ನು ಸಡಿಲಿಸಿ ಮುಂದಿನದನ್ನು ಬಿಗಿದಾಗ ಮೂತಿ ಇಳಿಯುತ್ತದೆ. ಕಾರ್ಬನ್ ಕಂಬಿಯ ಸೀಟು ಕೊಳ್ಳುವುದಿದ್ದರೆ ಮೊದಲು ಕ್ಲ್ಯಾಂಪ್ ನೋಡಿ. ಉಕ್ಕಿನ ಕಂಬಿ 7 ಮಿ.ಮೀ. ದುಂಡು, ಕಾರ್ಬನ್ನಿನದು ಸಾಮಾನ್ಯವಾಗಿ 7×9 ಮಿ.ಮೀ. ಅಂಡಾಕಾರ. ದುಂಡು ಕಂಬಿಯ ಕ್ಲ್ಯಾಂಪಿನಲ್ಲಿ ಅದನ್ನು ಬಿಗಿದರೆ ಬಿರುಕು ಬಿಡುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ: 3 ಮಿ.ಮೀ. ಅಥವಾ 1 ಡಿಗ್ರಿ. ಆಮೇಲೆ ಎರಡು ಗಂಟೆಯ ಎರಡು ಸವಾರಿ. ಮುಂಭಾಗ ಜೋಮು ಹಿಡಿದರೆ ಮೂತಿ ಮೇಲಿದೆ ಅಥವಾ ಸೀಟು ಕಿರಿದು. ಒಂದೇ ಬದಿ ಸುಲಿದರೆ ಸೀಟು ಎತ್ತರವಾಗಿದೆ, 5 ಮಿ.ಮೀ. ಇಳಿಸಿ. ಎರಡೂ ತೊಡೆಯ ಒಳಬದಿ ಉಜ್ಜಿದರೆ ಅಗಲ ಹೆಚ್ಚಾಯಿತು. ಮೂಳೆಯ ಜಾಗದಲ್ಲೇ ಬರುವ ನೋವು ಹೊಸ ಸೀಟಿಗೆ ಸಹಜ, ಎರಡು ವಾರದಲ್ಲಿ ಹೋಗುತ್ತದೆ. ಜೋಮು, ಊತ ಹಾಗಲ್ಲ, ಅವನ್ನು ಅಭ್ಯಾಸ ಮಾಡಿಕೊಳ್ಳಬಾರದು. ಬ್ರಿಟನ್ನಿನ ಪ್ಯಾರಾ ಸೈಕ್ಲಿಸ್ಟ್ ಹ್ಯಾನಾ ಡೈನ್ಸ್ ವರ್ಷಗಟ್ಟಲೆ ಸಹಿಸಿ ಕೊನೆಗೆ ಶಸ್ತ್ರಚಿಕಿತ್ಸೆಗೆ ಒಳಗಾದದ್ದನ್ನು 2019ರಲ್ಲಿ ಬಹಿರಂಗವಾಗಿ ಬರೆದರು. ಸಂಕೋಚದಿಂದ ಮುಚ್ಚಿಟ್ಟುಕೊಂಡವರು ಎಷ್ಟೋ. ಊತ ಮರುದಿನವೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಚಡ್ಡಿಯ ವಿಷಯ ಚಿಕ್ಕದು. ಪ್ಯಾಡ್ ಚಡ್ಡಿಯೊಳಗೆ ಒಳಉಡುಪು ಹಾಕಬೇಡಿ, ಅದರ ಹೊಲಿಗೆಯೇ ಮೊದಲು ಸುಲಿಯುವುದು. ಮುಟ್ಟಿನ ದಿನಗಳಲ್ಲಿ ಸ್ಯಾನಿಟರಿ ಪ್ಯಾಡಿನ ಅಂಚು ಮಡಚಿಕೊಂಡು ಉಜ್ಜುತ್ತದೆ. ಕಪ್ ಬಳಸುವವರಿಗೆ ಆ ತೊಂದರೆಯಿಲ್ಲ, ಆದರೆ ಅದನ್ನು ಮೊದಲ ಸಲ ಬಳಸುವುದು ಉದ್ದ ಸವಾರಿಯ ದಿನ ಬೇಡ. ಸವಾರಿಗೆ ಎರಡು ದಿನ ಮುಂಚೆ ಕೂದಲು ಬೋಳಿಸಿದರೆ ಒಳಮುಖವಾಗಿ ಬೆಳೆದ ಕೂದಲಿನಿಂದ ಕುರು ಏಳಬಹುದು, ಕತ್ತರಿಸಿದರೆ ಸಾಕು.

ಹಾಗಾದರೆ ಯಾವುದು? ದಾರಿಯಲ್ಲಿ ಏರು ಇರುವವರಿಗೆ, ಬಗ್ಗಿ ಓಡಿಸುವವರಿಗೆ, ಇನ್ನೂ ಏನೂ ತೀರ್ಮಾನವಾಗದವರಿಗೆ ಮೋಟು ಮೂತಿ. ಸಾಮಾನು ಕಟ್ಟಿಕೊಂಡು, ನೆಟ್ಟಗೆ ಕೂತು, ಒಣ ಹವೆಯಲ್ಲಿ ಸಪಾಟು ದೂರ ಹೋಗುವವರಿಗೆ ಚರ್ಮ. ಕಲ್ಲುಮಣ್ಣಿನ ದಾರಿಗೂ ಮೋಟು ಮೂತಿಯೇ ವಾಸಿ, ಆದರೆ ಅಳತೆ ಎರಡು ಅಗಲಗಳ ನಡುವೆ ಬಿದ್ದರೆ ಅಲ್ಲಿ ಕಿರಿದಾದದ್ದನ್ನು ಆರಿಸಿ.

ಕೊಳ್ಳುವ ಮೊದಲು ಗೆಳತಿಯ ಸೀಟು ಎರವಲು ತಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಬಹಳಷ್ಟು ಸೀಟುಗಳ ಅಡಿಯಲ್ಲೋ ಕಂಬಿಯ ಮೇಲೋ ಅಗಲ ನಮೂದಾಗಿರುತ್ತದೆ, ಅದು ನಿಮ್ಮ ಲೆಕ್ಕಕ್ಕೆ ಬಂದ ಸೀಟಿನ ಅಗಲದಿಂದ 10 ಮಿ.ಮೀ.ಗಿಂತ ದೂರವಿದ್ದರೆ ಪರೀಕ್ಷೆಯೇ ವ್ಯರ್ಥ. ಬಿಚ್ಚುವ ಮೊದಲು ಕ್ಲ್ಯಾಂಪ್ ಕಂಬಿಯ ಯಾವ ಗೆರೆಯಲ್ಲಿ ನಿಂತಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವಾಗ ಕೈಗೆ ಕೊಟ್ಟು ಬರಬೇಡಿ, ಅವರ ಸೈಕಲ್ಲಿಗೇ, ಅದೇ ಗೆರೆಗೆ, ಅದೇ ಓರೆಗೆ ಕೂರಿಸಿ ಬಿಗಿದು ಕೊಡಿ.